ನಾಲ್ಕನೆಯ ದಿನದ ಸ್ನಾನ

ಪದ್ಮತ್ತೆ ಮೂವತ್ತು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವರು. ಅಂಡಾಶಯ, ಗರ್ಭಕೋಶ, ಇಪ್ಪತ್ತೆಂಟು ದಿನದ ಚಕ್ರ, ಎಲ್ಲವನ್ನೂ ಬಣ್ಣದ ಸೀಮೆಸುಣ್ಣದಲ್ಲಿ ಬೋರ್ಡಿನ ಮೇಲೆ ಬರೆದು, ಭಾಗಗಳನ್ನು ಸರಿಯಾಗಿ ಗುರುತಿಸದ ಹುಡುಗಿಯರ ಅಂಕ ಕತ್ತರಿಸಿ, ಹಾರ ಹಾಕಿಸಿಕೊಂಡು ನಿವೃತ್ತರಾದವರು. ಆದರೆ ಮನೆಯೊಳಗೆ ಕಾಲಿಟ್ಟ ಮೇಲೆ ಅದರಲ್ಲಿ ಒಂದಕ್ಷರವನ್ನೂ ಅವರು ನಂಬುತ್ತಿರಲಿಲ್ಲ. ಸ್ಕೂಲಿನ ಸೀರೆ ಬಿಚ್ಚಿಟ್ಟು ಮಡಿ ಸೀರೆ ಉಡುವಾಗ ತಲೆಯನ್ನೂ ಅದೇ ಗೂಟಕ್ಕೆ ನೇತುಹಾಕಿ ಬರುತ್ತಾರೆ ಎಂದು ನಾನು ಏಳನೇ ಕ್ಲಾಸಿನ ಹೊತ್ತಿಗೇ ತೀರ್ಮಾನಿಸಿದ್ದೆ. ಅವರು ಅಪ್ಪನ ಅಕ್ಕ, ಮದುವೆಯಾಗದೆ ನಮ್ಮ ಜೊತೆಯಲ್ಲೇ ಇದ್ದವರು, ಮನೆಯ ನಿಜವಾದ ಯಜಮಾನರು. ಅಪ್ಪ ಸರ್ಕಾರಿ ಕಂಪನಿಯೊಂದರಲ್ಲಿ ಸೀನಿಯರ್ ಮ್ಯಾನೇಜರ್ ಆಗಿದ್ದರು. ಆಫೀಸಿನಲ್ಲಿ ನೂರು ಜನ ಅವರ ಸಹಿಗೆ ಕಾದು ನಿಲ್ಲುತ್ತಿದ್ದರಂತೆ. ಮನೆಯಲ್ಲಿ ಟ್ಯೂಬ್‌ಲೈಟ್ ಬದಲಾಯಿಸುವುದಕ್ಕೂ ಅವರು ಅಕ್ಕನ ಮುಖ ನೋಡುತ್ತಿದ್ದರು.

ಜಯನಗರದ ಟಿ ಬ್ಲಾಕಿನಲ್ಲಿ ನಮ್ಮ ಮನೆ. ಎರಡು ರಸ್ತೆ ದಾಟಿದರೆ ಇಕ್ಕಟ್ಟಾದ ಸಣ್ಣ ಮನೆಗಳ ತಿಲಕ್ ನಗರ, ಅತ್ತ ಕಡೆಗೆ ಅಪ್ಪನಿಗೆ ಯಾವ ಕೆಲಸವೂ ಇರುತ್ತಿರಲಿಲ್ಲ, ಇದ್ದರೂ ಇಲ್ಲವೆನ್ನುತ್ತಿದ್ದರು. ಮುಂದೆ ಪೋರ್ಟಿಕೊ, ಆಮೇಲೆ ಉದ್ದನೆಯ ಹಾಲ್, ಹಾಲಿನ ಬಲಕ್ಕೆ ದೇವರ ಮನೆ, ಅದರ ಪಕ್ಕಕ್ಕೆ ಅಡುಗೆಮನೆ, ಎಡಕ್ಕೆ ಮಹಡಿಯ ಮೆಟ್ಟಿಲು. ಮನೆಯ ಕೊನೆಯಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಎದುರಿಗೆ, ಒಂದು ಮಂಚಕ್ಕಷ್ಟೇ ಜಾಗವಿದ್ದ ಹಿಂದಿನ ರೂಮು. ತಿಂಗಳಿಗೆ ಮೂರು ದಿನ ಅಮ್ಮ ಅಲ್ಲಿ ಇರುತ್ತಿದ್ದಳು. ಸುತ್ತಮುತ್ತಲಿನ ಮನೆಗಳವರೆಲ್ಲ ಆ ಪದ್ಧತಿಯನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಪದ್ಮತ್ತೆಗೆ ಅದೇ ಹೆಮ್ಮೆ. ಅಮ್ಮನ ತಟ್ಟೆ ಬೇರೆ, ಲೋಟ ಬೇರೆ, ಚಾಪೆ ಬೇರೆ. ಅತ್ತೆ ಊಟವನ್ನು ಬಾಗಿಲ ಬಳಿ ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ ಮೇಲೆ ಅಮ್ಮ ಬಗ್ಗಿ ಎತ್ತಿಕೊಳ್ಳುತ್ತಿದ್ದಳು. ಅಕಸ್ಮಾತ್ ತಗುಲಿದರೆ ಅತ್ತೆ ಮತ್ತೆ ತಲೆಗೆ ನೀರು ಹಾಕಿಕೊಳ್ಳಬೇಕು. ನನಗೆ ಅತ್ತೆಯ ಮೇಲೆ ಇದ್ದದ್ದು ಸಿಟ್ಟು, ಅಪ್ಪನ ಮೇಲೆ ಇದ್ದದ್ದು ನಗು. ಅಮ್ಮನನ್ನು ಕಂಡರೆ ಮಾತ್ರ ನನಗೆ ನಿಜವಾದ ತಿರಸ್ಕಾರ. ಮಾಡುವವರನ್ನು ಹೇಗೋ ಸಹಿಸಬಹುದು, ಬಗ್ಗಿ ತಟ್ಟೆ ಎತ್ತಿಕೊಳ್ಳುವವರನ್ನು ಸಹಿಸಲಾಗುವುದಿಲ್ಲ ಎಂದು ಹದಿಮೂರು ವರ್ಷದ ನನಗೆ ಅನಿಸುತ್ತಿತ್ತು. ನಾನಿನ್ನೂ ದೊಡ್ಡವಳಾಗಿರಲಿಲ್ಲ.

ಇಂಥ ಮನೆಗೆ ನಾಯಿ ಬಂದದ್ದು ಅಪ್ಪನ ಪ್ರಮೋಷನ್ನಿನಿಂದ. ಪಾರ್ಕಿನಲ್ಲಿ ಬೆಳಿಗ್ಗೆ ಅವರ ಜೊತೆ ನಡೆಯುವ ನಾಲ್ಕು ಜನರಲ್ಲಿ ಮೂವರ ಮನೆಯಲ್ಲಿ ಒಳ್ಳೆಯ ಜಾತಿಯ ನಾಯಿಗಳಿದ್ದವು. ಅಪ್ಪನೂ ಒಂದು ಬಿಳಿ ಪಾಮೇರಿಯನ್ ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ತಂದರು. ಅದರ ಅಜ್ಜ ಯಾವುದೋ ಡಾಗ್ ಷೋನಲ್ಲಿ ಗೆದ್ದಿತ್ತು ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಅವರ ಸ್ವಂತ ಅಜ್ಜನ ಬಗ್ಗೆ ಅಷ್ಟು ಹೇಳಿದ್ದನ್ನು ನಾನು ಕೇಳಿಲ್ಲ. ರೋಸಿ ಎಂದು ನಾನು ಹೆಸರಿಟ್ಟೆ. ಅವಳಿಗೆ ಮೊಸರನ್ನ ಕಲಸುವುದು, ಕೂದಲು ಬಾಚುವುದು, ಹೇತದ್ದನ್ನು ಬಾಚುವುದು ಎಲ್ಲ ನನ್ನ ಕೆಲಸ. ಬೆಳಿಗ್ಗೆ ಬೆಲ್ಟ್ ಹಿಡಿದು ಪಾರ್ಕಿನಲ್ಲಿ ಮೆರೆಯುವುದು ಅಪ್ಪನ ಕೆಲಸ. ಅವಳು ನನ್ನ ಹಾಸಿಗೆಯಲ್ಲೇ, ನನ್ನ ಮಂಡಿಯ ಹಿಂದಿನ ಗೂಡಿನಲ್ಲಿ ಮಲಗುತ್ತಿದ್ದಳು. ಆ ಮನೆಯಲ್ಲಿ ನನ್ನನ್ನು ಯಾವಾಗ ಬೇಕಾದರೂ ಮುಟ್ಟುತ್ತಿದ್ದ ಜೀವ ಅವಳೊಬ್ಬಳೇ, ಹಾಗಾಗಿ ನಾನು ಅವಳನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುತ್ತಿದ್ದೆ.

ಅವಳಿಗೆ ಒಂಬತ್ತು ತಿಂಗಳಾಗಿದ್ದಾಗ ಒಂದು ಬೆಳಿಗ್ಗೆ ದೇವರ ಮನೆಯ ಹೊಸ್ತಿಲಿನ ಮುಂದೆ ಎರಡು ಹನಿ ರಕ್ತ ಕಂಡಿತು. ರಂಗೋಲಿ ಡಬ್ಬಿ ಹಿಡಿದು ಬಂದ ಪದ್ಮತ್ತೆ ಮೊದಲು ನೋಡಿದ್ದು ನನ್ನನ್ನು. ತಲೆಯಿಂದ ಕಾಲಿನವರೆಗೆ ನೋಡಿದರು. ನಾನಲ್ಲ ಎಂದು ಖಾತ್ರಿಯಾದ ಮೇಲೆ ರೋಸಿಯ ಕಡೆಗೆ ತಿರುಗಿದರು. ಅವಳು ಹಾಲಿನ ಮಧ್ಯೆ ಕೂತು ತನ್ನ ಹಿಂಭಾಗವನ್ನು ನೆಕ್ಕಿಕೊಳ್ಳುತ್ತಿದ್ದಳು.

"ಶೀನು, ಬಾರೋ ಇಲ್ಲಿ. ನಿನ್ನ ನಾಯಿ ಹೊರಗಾಗಿದೆ."

"ಹೊರಗೆಲ್ಲಿ ಅಕ್ಕ, ಇಲ್ಲೇ ಕೂತಿದೆಯಲ್ಲ," ಎಂದರು ಪೇಪರಿನಿಂದ ತಲೆಯೆತ್ತದ ಅಪ್ಪ.

"ಹೆಂಗಸರ ಹಾಗೆ ಹೊರಗಾಗಿದೆ ಕಣೋ. ಬಿಡಿಸಿ ಹೇಳ್ಬೇಕಾ ನಿಂಗೆ?"

ಅಪ್ಪನ ಮುಖ ಕೆಂಪಾಯಿತು. ಮಗಳ ಎದುರಿಗೆ ಇಂಥ ಮಾತು ಬಂದದ್ದಕ್ಕೆ ಅವರು ನಾಯಿಯನ್ನು ದುರುಗುಟ್ಟಿಕೊಂಡು ನೋಡಿದರು. ಆ ಸಂಜೆಯೇ ಅವಳನ್ನು ತಿಲಕ್ ನಗರದಲ್ಲಿದ್ದ ಪ್ರಾಣಿವೈದ್ಯರಿಗೆ ತೋರಿಸಲು ಹೊರಟರು, ನನ್ನನ್ನೂ ಕರೆದುಕೊಂಡರು, ಏಕೆಂದರೆ ಅವಳನ್ನು ಎತ್ತಿಕೊಂಡರೆ ಪ್ಯಾಂಟಿಗೆ ಕಲೆಯಾಗುತ್ತದೆ. ಡಾಕ್ಟರ್ ಒಬ್ಬ ದಪ್ಪ ಹೆಂಗಸು, ತೋಳೇರಿಸಿದ ಷರ್ಟು, ಮಾತಿನಲ್ಲಿ ಒಂದಿಷ್ಟೂ ಮುಲಾಜಿಲ್ಲ. ಅಪ್ಪ ಏನೋ ತೊದಲುತ್ತಿದ್ದ ಹಾಗೆಯೇ ಅವರು ನೇರವಾಗಿ ನನಗೆ ಹೇಳತೊಡಗಿದರು.

"ಹೀಟ್‌ಗೆ ಬಂದಿದ್ದಾಳೆ, ಮೊದಲನೇ ಸಲ. ಮೂರು ವಾರ ಗೇಟ್ ದಾಟಿಸ್ಬೇಡ. ಒಂದು ವಾರ, ಹತ್ತು ದಿನ ರಕ್ತ ಹೋಗುತ್ತೆ. ಆಮೇಲೆ ಕಮ್ಮಿಯಾಗುತ್ತೆ, ಸರಿಹೋಯ್ತು ಅನ್ಸುತ್ತೆ. ನಿಜವಾದ ಅಪಾಯ ಆವಾಗ್ಲೇ. ಇವಳಿನ್ನೂ ಮಗು, ಮೈಯೂ ಸಣ್ಣದು. ದೊಡ್ಡ ಬೀದಿ ನಾಯಿ ಹತ್ತಿದ್ರೆ ಮರಿ ಒಳಗೇ ಸಿಕ್ಕಿಹಾಕಿಕೊಂಡು ಸಾಯ್ತಾಳೆ. ಮೂರು ವಾರ. ಬರ್ಕೋ."

ನಾನು ಸ್ಕೂಲ್ ಡೈರಿಯ ಹಿಂದಿನ ಪುಟದಲ್ಲಿ ಬರೆದುಕೊಂಡೆ. ಅಪ್ಪ ಗೋಡೆಯ ಮೇಲಿದ್ದ ಹಸುವಿನ ಚಿತ್ರ ನೋಡುತ್ತ ನಿಂತಿದ್ದರು.

ಮನೆಗೆ ಬಂದ ಮೇಲೆ ವೈದ್ಯರ ಮೂರು ವಾರ ಪದ್ಮತ್ತೆಯ ಕೈಯಲ್ಲಿ ಮೂರು ದಿನವಾಯಿತು. ಮೂರು ದಿನ ಹೊರಗೆ, ನಾಲ್ಕನೆಯ ದಿನ ತಲೆಗೆ ಸ್ನಾನ, ಅಲ್ಲಿಗೆ ಮುಗಿಯಿತು. ಹೆಂಗಸರಿಗೆ ಇಲ್ಲದ ಮೂರು ವಾರ ನಾಯಿಗೆ ಎಲ್ಲಿಂದ ಬರುತ್ತದೆ ಎಂಬುದು ಅವರ ವಾದ. ಊಟಕ್ಕೆ ಬಡಿಸುತ್ತಿದ್ದ ಅಮ್ಮ ಒಂದೇ ಒಂದು ಸಲ ಬಾಯಿ ತೆರೆದಳು.

"ಡಾಕ್ಟ್ರು ಮೂರು ವಾರ ಅಂದ್ರಂತೆ ಅತ್ತಿಗೆ."

"ಅವಳು ಓದಿರೋದು ನಾಯಿ ನರಿ ವಿಷಯ. ಮನೆ ಶಾಸ್ತ್ರ ಅವಳಿಗೇನು ಗೊತ್ತು? ನಾನೂ ಬಯಾಲಜೀನೇ ಹೇಳ್ಕೊಟ್ಟಿರೋದು ಸುಧಾ."

ಅಮ್ಮ ಸಾರಿನ ಸೌಟನ್ನು ಪಾತ್ರೆಗೆ ಬಿಟ್ಟಳು. ಅಪ್ಪ ಕೇಳಿಸದವರಂತೆ ಹಪ್ಪಳ ಮುರಿದರು. ಅವಳು ಇನ್ನೊಂದು ಮಾತಾಡಬಹುದು ಎಂದು ಕಾದೆ. ಆಡಲಿಲ್ಲ. ಅನ್ನ ಬೇಕಾ ಎಂದು ಕೇಳಿದಳು.

ಹಾಗೆ ರೋಸಿ ಹಿಂದಿನ ರೂಮಿಗೆ ಹೋದಳು. ಅಮ್ಮನ ಚಾಪೆ, ಅಮ್ಮನ ತಟ್ಟೆ ಈಗ ಅವಳ ಪಾಲಿಗೆ ಬಂದವು. ಅದಾದ ಮೇಲೆ ಅದೇ ತಟ್ಟೆಯಲ್ಲಿ ಅಮ್ಮನೂ ಉಂಡಳೇ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ಹಳೆಯ ನಿಕ್ಕರಿಗೆ ಬಾಲದ ಜಾಗದಲ್ಲಿ ತೂತು ಮಾಡಿ ಅಮ್ಮ ಅವಳಿಗೆ ತೊಡಿಸಿದಳು. ಅದನ್ನು ದಿನಕ್ಕೆ ನಾಲ್ಕು ಸಲ ಬಿಚ್ಚಿ ಒಗೆದು ಹಾಕುವುದು ನನ್ನ ಪಾಲಿಗೆ ಬಂತು. ಸ್ಕೂಲಿನಿಂದ ಬಂದು ಅವಳ ಹತ್ತಿರ ಕೂತರೆ ಒಳಗೆ ಹೋಗುವ ಮುಂಚೆ ನಾನೂ ಸ್ನಾನ ಮಾಡಬೇಕಿತ್ತು, ಹಾಗಾಗಿ ಆ ಮೂರು ದಿನ ನನ್ನ ಕೂದಲು ಒಣಗಲೇ ಇಲ್ಲ. ಅವಳು ಬಾಗಿಲು ಕೆರೆದು ಕೆರೆದು ಉಗುರಿನ ಸಂದಿಯಲ್ಲಿ ಪೇಂಟ್ ಸಿಕ್ಕಿಸಿಕೊಂಡಿದ್ದಳು. ಯಾಕೆ ಹೊರಗೆ ಹಾಕಿದ್ದಾರೆ ಎಂದು ಅವಳಿಗೆ ತಿಳಿಯುವ ಹಾಗಿರಲಿಲ್ಲ, ನನಗೆ ತಿಳಿದೂ ಏನೂ ಮಾಡುವ ಹಾಗಿರಲಿಲ್ಲ. ಅತ್ತೆ ಅಡುಗೆಮನೆಯ ಕಿಟಕಿಯಿಂದ ನಮ್ಮಿಬ್ಬರನ್ನು ನೋಡಿ ಒಂದು ಮಧ್ಯಾಹ್ನ ಹೇಳಿದರು.

"ಅಭ್ಯಾಸ ಮಾಡ್ಕೋ. ನಿನ್ನದೂ ಇನ್ನೇನು ದೂರವಿಲ್ಲ."

ನಾಲ್ಕನೆಯ ದಿನ ಬೆಳಿಗ್ಗೆ ಅರಿಸಿನ ಬೆರೆಸಿದ ಬಿಸಿನೀರಿನಲ್ಲಿ ಅವಳಿಗೆ ತಲೆಸ್ನಾನವಾಯಿತು. ಬಿಳಿಯ ರೋಮವೆಲ್ಲ ಹಳದಿಯಾಗಿ, ನೆನೆದು ಮೈಗೆ ಅಂಟಿಕೊಂಡು, ಅರ್ಧ ಗಾತ್ರವಾಗಿ ನಡುಗುತ್ತ ನಿಂತಳು. ಅತ್ತೆ ದೂರದಿಂದ ಗೋಮೂತ್ರ ಚಿಮುಕಿಸಿ, ಒಳಗೆ ಬರಬಹುದು ಎಂದರು. ಒರೆಸಿದ ಟವೆಲ್ಲಿನಲ್ಲಿ ಆಗಲೂ ರಕ್ತವಿತ್ತು. ನಾನು ತೋರಿಸಿದೆ.

"ನಾಲ್ಕನೇ ದಿನದ ಸ್ನಾನ ಆದ್ಮೇಲೆ ಅದು ಲೆಕ್ಕಕ್ಕಿಲ್ಲ," ಎಂದರು.

ಇಲ್ಲಿ ನನ್ನ ಪಾಲಿನದನ್ನು ನಾನೇ ಹೇಳಿಬಿಡಬೇಕು. ಡೈರಿಯಲ್ಲಿ ಬರೆದುಕೊಂಡದ್ದು ನನಗೆ ಬಾಯಿಪಾಠವಾಗಿತ್ತು. ಮೂರು ವಾರ, ಕಡಿಮೆಯಾದ ಮೇಲೇ ಅಪಾಯ. ಆದರೆ ಆ ಸಂಜೆ ರೋಸಿ ನನ್ನ ಹಾಸಿಗೆಗೆ ಹಾರಿ ಮಂಡಿಯ ಹಿಂದೆ ಸುರುಳಿ ಸುತ್ತಿಕೊಂಡಾಗ, ಜಗಳ ತೆಗೆದರೆ ಮತ್ತೆ ಹಿಂದಿನ ರೂಮಿಗೆ ಹಾಕಿಬಿಡುತ್ತಾರೆ ಎಂಬ ಭಯವಾಯಿತು. ಅತ್ತೆಯ ಶಾಸ್ತ್ರ ತಪ್ಪೆಂದು ಗೊತ್ತಿದ್ದೂ ಅದರಿಂದ ನನಗೆ ಲಾಭವಿತ್ತು, ಸುಮ್ಮನಾದೆ. ಅಮ್ಮ ಸುಮ್ಮನಾದದ್ದಕ್ಕೆ ಅವಳನ್ನು ಹೀಗಳೆದವಳು ನಾನು. ಇವತ್ತಿಗೂ ನನ್ನ ಬಗ್ಗೆ ನನಗೆ ಅಸಹ್ಯವಾಗುವ ಕೆಲವು ಸಂಗತಿಗಳಲ್ಲಿ ಅದು ಮೊದಲನೆಯದು.

ಆ ವಾರವೇ ಗೇಟಿನ ಮುಂದೆ ಬೀದಿ ನಾಯಿಗಳ ಸಭೆ ಸೇರತೊಡಗಿತು. ಮೊದಲು ಎರಡು, ಆಮೇಲೆ ಐದು, ಆಮೇಲೆ ಎಣಿಸುವುದನ್ನೇ ಬಿಟ್ಟೆ. ಕಾಂಪೌಂಡಿಗೆ ಕಾಲೆತ್ತುವುದು, ಒಂದರ ಮೇಲೊಂದು ಗುರುಗುಟ್ಟುವುದು, ಗೇಟಿನ ಸರಳಿನಲ್ಲಿ ಮೂತಿ ತೂರಿಸುವುದು. ಮೂವತ್ತು ವರ್ಷ ಜೀವಶಾಸ್ತ್ರ ಕಲಿಸಿದ ಪದ್ಮತ್ತೆಗೆ ಇದಕ್ಕೂ ರೋಸಿಗೂ ಸಂಬಂಧವಿದೆ ಎಂದು ಹೊಳೆಯಲಿಲ್ಲ. ಸ್ನಾನ ಆಗಿಹೋಗಿತ್ತಲ್ಲ. ಏರಿಯಾ ಕೆಟ್ಟುಹೋಯಿತು ಎಂದರು. ಅಪ್ಪ ವಾರ್ಡ್ ಆಫೀಸಿಗೆ ಒಂದೂವರೆ ಪುಟದ ಇಂಗ್ಲಿಷ್ ಪತ್ರ ಬರೆದು, ಅದನ್ನು ನಮಗೆಲ್ಲ ಗಟ್ಟಿಯಾಗಿ ಓದಿ ಹೇಳಿದರು. ತಿಲಕ್ ನಗರದ ನಾಯಿಗಳು ಟಿ ಬ್ಲಾಕಿಗೆ ಬರುತ್ತಿವೆ ಎಂದು ಅದರಲ್ಲಿ ಒಂದು ವಾಕ್ಯವಿತ್ತು. ನಾಯಿಗಳ ಹತ್ತಿರ ವಿಳಾಸದ ಪುರಾವೆ ಕೇಳಿದ್ದರೋ ಏನೋ.

ಹನ್ನೊಂದನೆಯ ದಿನ ಭಾನುವಾರ. ರಕ್ತ ಬಹುಮಟ್ಟಿಗೆ ನಿಂತಿತ್ತು. ಅಪ್ಪ ರೋಸಿಗೆ ಹೊಸ ಕೆಂಪು ಬೆಲ್ಟ್ ಹಾಕಿ ಪಾರ್ಕಿಗೆ ಹೊರಟರು. ನಾನು ಬಾಗಿಲಲ್ಲಿ ನಿಂತು, ಅಪ್ಪ ಬೇಡ, ಡಾಕ್ಟ್ರು ಹೇಳಿದ್ರಲ್ಲ ಎಂದೆ. ತೀರ ಸಣ್ಣ ದನಿಯಲ್ಲಿ ಎಂದೆ. ಹೆದರಿಕೆಯಿದ್ದರೆ ನೀನೂ ಬಾ ಎಂದರು. ಪಾರ್ಕಿನ ಗೇಟಿನ ಹತ್ತಿರ, ಎಳನೀರಿನ ಗಾಡಿಯ ಪಕ್ಕದಿಂದ, ಕಿವಿ ಹರಿದ ಕಂದು ಬಣ್ಣದ ದೊಡ್ಡ ನಾಯಿಯೊಂದು ಎದ್ದು ಬಂತು. ಅಪ್ಪ ಹಚಾ ಹಚಾ ಎಂದರು. ಅದು ಸೀನಿಯರ್ ಮ್ಯಾನೇಜರರ ಮಾತು ಕೇಳಲಿಲ್ಲ. ನೋಡನೋಡುತ್ತಿದ್ದಂತೆ ಅದು ಅವಳ ಮೇಲೇರಿತು. ನಾನು ಚಪ್ಪಲಿ ಬಿಚ್ಚಿ ಹೊಡೆದೆ. ಅಷ್ಟರಲ್ಲಿ ಎರಡೂ ಒಂದಕ್ಕೊಂದು ಅಂಟಿಕೊಂಡು, ಬೆನ್ನು ತಿರುಗಿಸಿ, ಬಿಡಿಸಿಕೊಳ್ಳಲಾಗದೆ ನಿಂತವು. ರೋಸಿ ಒಂದೇ ಸಮನೆ ಕಿರುಚುತ್ತಿದ್ದಳು. ಆ ದೊಡ್ಡ ನಾಯಿ ಅಲ್ಲಾಡಿದಾಗೆಲ್ಲ ಅವಳ ಹಿಂಗಾಲು ನೆಲ ಬಿಟ್ಟು ಮೇಲೇಳುತ್ತಿತ್ತು.

ಆಗ ಅಪ್ಪನ ವಾಕಿಂಗ್ ಗೆಳೆಯರು ಬಂದರು. ಅಪ್ಪ ಬೆಲ್ಟನ್ನು ಕೈಯಿಂದ ಬಿಟ್ಟರು. ಬೀಳಿಸಿದ ಹಾಗೆ ಅಲ್ಲ, ನಿಧಾನವಾಗಿ, ಯಾರದೋ ವಸ್ತುವನ್ನು ಇದ್ದಲ್ಲೇ ಇಡುವ ಹಾಗೆ.

"ಏನ್ಸಾರ್, ನಿಮ್ಮನೆ ನಾಯಿ ಅಲ್ವಾ ಇದು?" ಎಂದರು ಒಬ್ಬರು.

"ಛೆ, ನಮ್ಮದಲ್ಲ. ನಮ್ಮದು ಮನೇಲಿದೆ. ಯಾರದೋ ಪಾಪ," ಎಂದರು ಅಪ್ಪ.

ಎಂದವರೇ ನಡೆದುಬಿಟ್ಟರು. ಗೆಳೆಯರ ಜೊತೆಗೆ, ಕೈ ಬೀಸಿಕೊಂಡು, ಪಾರ್ಕಿನ ಒಳಗೆ. ನನ್ನನ್ನು ಕರೆಯಲಿಲ್ಲ. ಕರೆದರೆ ನಾನು ಯಾರೆಂದು ತಿಳಿಯುತ್ತದೆ, ನನ್ನ ಗುರುತು ಸಿಕ್ಕಿದರೆ ನಾಯಿಯ ಗುರುತೂ ಸಿಗುತ್ತದೆ. ಅವರ ಬಿಳಿ ಕ್ಯಾನ್ವಾಸ್ ಷೂಗಳು ಮರಗಳ ಹಿಂದೆ ತಿರುಗಿ ಮರೆಯಾಗುವವರೆಗೂ ನೋಡುತ್ತಿದ್ದೆ. ಅಪ್ಪನನ್ನು ಕಂಡು ನಗುವುದನ್ನು ನಾನು ನಿಲ್ಲಿಸಿದ್ದು ಅವತ್ತು.

ಜನ ಸೇರಿದರು. ಭಾನುವಾರ ಬೆಳಿಗ್ಗೆ ಟಿ ಬ್ಲಾಕಿನವರಿಗೆ ಇದಕ್ಕಿಂತ ಒಳ್ಳೆಯ ಕೆಲಸವಿರಲಿಲ್ಲ. ಪ್ರಾಣಾಯಾಮ ಮುಗಿಸಿ ಬಂದ ಒಬ್ಬರು ಕಲ್ಲು ಎತ್ತಿಕೊಂಡರು. ಇನ್ನೊಬ್ಬರು, ನೋಡಬಾರದಮ್ಮ, ಮನೆಗೆ ಹೋಗು ಎಂದು ನನಗೆ ಹೇಳುತ್ತ ತಾವು ಮಾತ್ರ ಚೆನ್ನಾಗಿ ನೋಡುತ್ತಿದ್ದರು. ನಾನು ರೋಸಿಯ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ರಸ್ತೆಯಲ್ಲೇ ಕೂತೆ. ಎಳೆಯಬೇಕೋ ಬಿಡಬೇಕೋ ತಿಳಿಯದೆ ಅಳುತ್ತಿದ್ದೆ. ಬೈರಸಂದ್ರದಿಂದ ನಮ್ಮ ರಸ್ತೆಗೆ ಹಾಲು ಹಾಕುತ್ತಿದ್ದ ಜಯಮ್ಮ ಆ ಹೊತ್ತಿಗೆ ಕ್ಯಾನುಗಳನ್ನು ಟಿವಿಎಸ್ಸಿಗೆ ನೇತುಹಾಕಿಕೊಂಡು ಬಂದಳು. ಒಂದು ಕಾಲದಲ್ಲಿ ಅವಳ ಮನೆಯವರ ಹೊಲವಿದ್ದ ಜಾಗದಲ್ಲೇ ಈಗ ಅವಳ ಮೂರು ಬಾಡಿಗೆ ಮನೆಗಳಿದ್ದವು, ಆದರೂ ಹಸು ಬಿಟ್ಟಿರಲಿಲ್ಲ. ಗಾಡಿ ನಿಲ್ಲಿಸಿ, ಕಲ್ಲು ಹಿಡಿದವರ ಮುಂದೆ ಬಂದು ನಿಂತಳು.

"ಕಲ್ಲು ಕೆಳಗಾಕಿ ಸಾಮಿ. ನಾಯಿ ಬೆದೆಗೆ ಬಂದ್ರೆ ನಿಮ್ಗೇನು ಬಂತು?"

ಆಮೇಲೆ ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು.

"ಎಳೀಬ್ಯಾಡ ಕಣವ್ವ, ಒಳ್ಗೆ ಹರ್ದೋಯ್ತದೆ. ಅದೇ ಬಿಟ್ಕೊಳ್ತದೆ. ಇಟ್ಕೊ ತಲೇನ, ಹಂಗೇ. ಎಷ್ಟು ದಿವ್ಸಾತು ಸುರುವಾಗಿ?"

"ಹನ್ನೊಂದು."

"ಹನ್ನೊಂದನೇ ದಿವ್ಸ ಬೀದೀಗ್ ತಂದವ್ರೆ. ಓದ್ದೋರ ಮನೆ," ಎಂದು ಪಕ್ಕಕ್ಕೆ ಉಗಿದಳು.

ಕಾಲು ಗಂಟೆ ಅವಳು ಏಳಲಿಲ್ಲ, ಹಾಲು ಕಾಯುತ್ತಿದ್ದ ಮನೆಗಳಿಂದ ಫೋನ್ ಬರುತ್ತಲೇ ಇತ್ತು. ನಾಯಿಗಳು ಬಿಟ್ಟುಕೊಂಡ ಮೇಲೆ ರೋಸಿಯನ್ನು ನಾನು ಎತ್ತಿಕೊಂಡು ಮನೆಗೆ ಬಂದೆ. ಅಪ್ಪ ಆಗಲೇ ಇನ್ನೊಂದು ರಸ್ತೆಯಿಂದ ಬಂದು, ದಾರಿಯಲ್ಲಿ ಕೊತ್ತಂಬರಿ ಸೊಪ್ಪನ್ನೂ ತಂದು, ಎರಡನೇ ಕಾಫಿ ಕುಡಿಯುತ್ತಿದ್ದರು. ನನ್ನನ್ನು ನೋಡಿ, ಬಂದೆಯಾ ಎಂದರು. ಪದ್ಮತ್ತೆ, ನಾಯಿಯನ್ನು ಎಲ್ಲಿಯೂ ಇಳಿಸಬೇಡ, ಮೊದಲು ನೀರು ಹಾಕು ಎಂದರು. ಅಮ್ಮ ಅಡುಗೆಮನೆಯಿಂದ ಬಂದು ನನ್ನ ಮಂಡಿಯಲ್ಲಿ ಕಿತ್ತುಹೋಗಿದ್ದ ಚರ್ಮವನ್ನು ನೋಡಿದಳು, ರೋಸಿಯನ್ನು ನೋಡಿದಳು, ಕಾಫಿ ಕುಡಿಯುತ್ತಿದ್ದ ಅಪ್ಪನನ್ನು ಸ್ವಲ್ಪ ಹೊತ್ತು ನೋಡಿದಳು. ಮತ್ತೆ ಅಡುಗೆಮನೆಗೆ ಹೋದಳು. ಎಂದಿನಂತೆ ಎಂದುಕೊಂಡೆ.

ಡಾಕ್ಟರಿಗೆ ಮಧ್ಯಾಹ್ನ ನಾನೇ ಫೋನ್ ಮಾಡಿದೆ. ಅವರು ಬೈಯುವುದನ್ನು ಬೈದು, ಎರಡು ಮೂರು ವಾರ ಬಿಟ್ಟು ಕರೆತನ್ನಿ, ಆಪರೇಷನ್ ಮಾಡಿ ಗರ್ಭಕೋಶವನ್ನೇ ತೆಗೆದುಬಿಡುತ್ತೇನೆ, ತಡಮಾಡಿದರೆ ನಾಯಿ ಉಳಿಯುವುದಿಲ್ಲ ಎಂದರು. ಇದನ್ನು ಊಟದ ಹೊತ್ತಿನಲ್ಲಿ ಹೇಳಿದ್ದೇ ತಪ್ಪಾಯಿತು. ಪದ್ಮತ್ತೆ ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿದರು. ಗರ್ಭ ತೆಗೆಸಿದ ಪಾಪ ಮನೆ ಸುತ್ತಿಕೊಳ್ಳುತ್ತದೆ, ಈ ಮನೆಯಲ್ಲಿ ಮದುವೆಯಾಗಬೇಕಾದ ಹುಡುಗಿ ಇದ್ದಾಳೆ ಎಂದು ನನ್ನನ್ನು ತೋರಿಸಿದರು. ಹಾಗಾದರೆ ಏನು ಮಾಡುವುದು? ಅಪ್ಪನ ಹತ್ತಿರ ಉತ್ತರ ಸಿದ್ಧವಿತ್ತು. ಅವರ ಆಫೀಸಿನ ಗೆಳೆಯರೊಬ್ಬರದು ಸುಬ್ರಹ್ಮಣ್ಯಪುರದ ಆಚೆ ತೆಂಗಿನ ತೋಟ. ಅಲ್ಲಿಗೆ ಕಾವಲು ನಾಯಿ ಬೇಕಂತೆ. ಐದು ಕೇಜಿ ತೂಗುವ, ಮೊಸರನ್ನ ತಿನ್ನುವ, ಬಸುರಿ ಪಾಮೇರಿಯನ್ ನಾಯಿ ತೆಂಗಿನ ತೋಟ ಕಾಯುತ್ತದೆ ಎಂದು ಅಪ್ಪ ಮುಖದ ಒಂದು ಗೆರೆಯೂ ಅಲುಗಾಡದಂತೆ ಹೇಳಿದರು. ಅವಳು ಸಾಯುವುದಾದರೆ ಅಲ್ಲಿ ಸಾಯಲಿ, ಪಾಪ ತೋಟದವರಿಗೆ ಹೋಗಲಿ ಎಂಬುದು ಒಟ್ಟು ಅರ್ಥ. ಅಕ್ಕ ತಮ್ಮ ಇಬ್ಬರೂ ಅದಕ್ಕೆ ಒಪ್ಪಿಕೊಂಡು ಸಮಾಧಾನದಿಂದ ಮಜ್ಜಿಗೆ ಕಲಸಿಕೊಂಡರು.

ನಾನು ಅತ್ತು ಕರೆದೆ, ಉಪವಾಸ ಕೂತೆ, ಬಾಗಿಲು ಹಾಕಿಕೊಂಡೆ. ಹದಿಮೂರು ವರ್ಷದವಳ ಉಪವಾಸಕ್ಕೆ ಆ ಮನೆಯಲ್ಲಿ ಯಾರೂ ಹೆದರಲಿಲ್ಲ. ಏಕಾದಶಿಯ ಅಭ್ಯಾಸವಾಗುತ್ತದೆ ಬಿಡಿ ಎಂದರು ಅತ್ತೆ. ಹೊಟ್ಟೆ ಸಣ್ಣಗೆ ದುಂಡಗಾಗುತ್ತಿದ್ದ ರೋಸಿ ನನ್ನ ಹಾಸಿಗೆಯಲ್ಲಿ ಈಗ ಬೇರೆ ಥರ, ಕಾಲು ಚಾಚಿಕೊಂಡು ಮಲಗುತ್ತಿದ್ದಳು. ತೋಟದವರು ಬಂದು ಒಯ್ಯುವ ದಿನವೂ ನಿಶ್ಚಯವಾಯಿತು. ಅದು ತಾತನ ತಿಥಿಯ ದಿನ, ಊಟವೆಲ್ಲ ಮುಗಿದ ಮೇಲೆ, ಸಂಜೆ ನಾಲ್ಕಕ್ಕೆ.

ತಿಥಿಯ ದಿನ ಬೆಳಗಾಗುವಾಗ, ಇನ್ನೂ ಏನನ್ನೂ ಮುಟ್ಟುವ ಮುಂಚೆ, ಅಮ್ಮ ಅಡುಗೆಮನೆಯ ಹೊರಗೆ ನಿಂತು ತಾನು ಹೊರಗಾಗಿರುವುದಾಗಿ ಹೇಳಿದಳು.

"ಇವತ್ತೇ ಆಗ್ಬೇಕಿತ್ತಾ ನಿಂಗೆ? ಇನ್ನೂ ದಿನ ಇತ್ತಲ್ಲ," ಎಂದರು ಅತ್ತೆ.

"ವಯಸ್ಸಾಯ್ತಲ್ಲ ಅತ್ತಿಗೆ. ಹಿಂದೆ ಮುಂದೆ ಆಗುತ್ತೆ."

ಪುರೋಹಿತರಿಗೆ ಫೋನ್ ಹೋಯಿತು. ಕಣ್ಣಿಗೆ ಬೀಳದ ಹಾಗೆ ಇದ್ದರೆ ಸಾಕು, ನಡೆಸೋಣ ಎಂದರಂತೆ. ಅತ್ತೆ ಗೊಣಗುತ್ತ ಒಬ್ಬರೇ ಅಡುಗೆಗೆ ನಿಂತರು. ಅಮ್ಮ ಹಿಂದಿನ ರೂಮು ಸೇರಿದಳು. ತಿಥಿಯ ಅಡುಗೆಯ ಮೇಲೆ ನಾಯಿಯ ದೃಷ್ಟಿ ಬೀಳಬಾರದು ಎಂದು ರೋಸಿಯನ್ನು ಹಾಲಿನ ಮೆಟ್ಟಿಲ ಕೆಳಗಿದ್ದ ಚಪ್ಪಲಿ ಗೂಡಿಗೆ ಹಾಕಿ ಚಿಲಕ ಜಡಿದಿದ್ದರು. ಹತ್ತು ಗಂಟೆಯ ಹೊತ್ತಿಗೆ ಹಾಲಿನಲ್ಲಿ ಇಬ್ಬರು ಪುರೋಹಿತರು, ಎದುರಿಗೆ ಮಣೆಯ ಮೇಲೆ ಒದ್ದೆ ಪಂಚೆಯಲ್ಲಿ ಅಪ್ಪ, ಬೆರಳಿಗೆ ದರ್ಭೆಯ ಉಂಗುರ. ನಾನು ಗೋಡೆಗೆ ಒರಗಿ, ಗೂಡಿನೊಳಗೆ ರೋಸಿ ಕೆರೆಯುವ ಸದ್ದು ಕೇಳುತ್ತ ನಿಂತಿದ್ದೆ. ನಾಲ್ಕು ಗಂಟೆಗೆ ಇನ್ನು ಆರೇ ಗಂಟೆ ಇತ್ತು. ಮಂತ್ರ ನಡೆಯುತ್ತಿದ್ದ ಹಾಗೆಯೇ ಹಿಂದಿನಿಂದ ಅಮ್ಮ ಬಂದಳು. ಹೊರಗೆ ಹೋಗುವ ಸೀರೆ ಉಟ್ಟಿದ್ದಳು, ಹೆಗಲಿಗೆ ಬ್ಯಾಗು.

"ಸುಧಾ, ಇಲ್ಲಿಗ್ಯಾಕೆ ಬಂದೆ? ಒಳಗೆ ಹೋಗು," ಎಂದು ಅತ್ತೆ ಅಡುಗೆಮನೆಯಿಂದ ಓಡಿಬಂದು ದಾರಿಗೆ ಅಡ್ಡ ನಿಂತರು.

"ದಾರಿ ಬಿಡಿ ಅತ್ತಿಗೆ. ತಗುಲಿಬಿಟ್ರೆ ನೀವು ಮತ್ತೆ ಸ್ನಾನ ಮಾಡ್ಬೇಕು, ಅಡುಗೆ ಎಲ್ಲ ಮೊದಲಿಂದ ಮಾಡ್ಬೇಕು."

ಹೇಳುತ್ತ ಅಮ್ಮ ನಿಲ್ಲಲಿಲ್ಲ, ನಡೆಯುತ್ತಲೇ ಇದ್ದಳು. ಅತ್ತೆ ಒಂದು ಹೆಜ್ಜೆ ಹಿಂದಿಟ್ಟರು, ಇನ್ನೊಂದು ಇಟ್ಟರು, ಕೊನೆಗೆ ಸೀರೆಯನ್ನು ಎರಡೂ ಕೈಯಲ್ಲಿ ಒಟ್ಟುಮಾಡಿಕೊಂಡು ಗೋಡೆಗೆ ಅಂಟಿಕೊಂಡರು. ಪುರೋಹಿತರಲ್ಲಿ ಒಬ್ಬರು ಉತ್ತರೀಯವನ್ನು ಪಿಂಡದ ಮೇಲೆ ಹರಡಿ, ಬೇಗ ಹೋಗಮ್ಮ, ಬೇಗ ಹೋಗ್ಬಿಡು ಎಂದು ಕಣ್ಣು ಮುಚ್ಚಿಕೊಂಡರು. ಅಪ್ಪ ಮಣೆಯಿಂದ ಅರ್ಧ ಎದ್ದರು. ಅಮ್ಮ ಅವರ ಕಡೆಗೆ ಒಂದು ಹೆಜ್ಜೆ ಇಟ್ಟಳು, ಅಷ್ಟೇ. ಅವರು ಕೂತುಬಿಟ್ಟರು. ಅವಳು ಚಿಲಕ ತೆಗೆದು ರೋಸಿಯನ್ನು ಎತ್ತಿಕೊಂಡು, ಅವಳ ಕಣ್ಣಿಗೆ ಸೆರಗು ಮುಚ್ಚಿದಳು. ತಾತನಿಗೆ ಅಷ್ಟು ಮರ್ಯಾದೆ ಕೊಟ್ಟಳು.

"ಅವಳು ಹೋಗ್ಲಿ, ನೀನಿಲ್ಲೇ ಇರು," ಎಂದು ಅತ್ತೆ ನನ್ನ ತೋಳು ಹಿಡಿಯಲು ಕೈ ಚಾಚಿದರು.

ನಾನು ಅಮ್ಮನ ಕೈ ಹಿಡಿದುಕೊಂಡೆ. ಅತ್ತೆಯ ಚಾಚಿದ ಕೈ ಬೆಂಕಿ ತಗುಲಿದ ಹಾಗೆ ಹಿಂದಕ್ಕೆ ಹೋಯಿತು. ನನ್ನನ್ನೂ ಈಗ ಯಾರೂ ಮುಟ್ಟುವ ಹಾಗಿರಲಿಲ್ಲ. ನಾವು ಮೂವರೂ ಮುಂಬಾಗಿಲಿನಿಂದಲೇ ಹೊರಗೆ ಹೋದೆವು.

ಡಾಕ್ಟರ್ ಅಮ್ಮನಿಗೆ ಸಹಿ ಮಾಡಲು ಒಂದು ಕಾಗದ ಕೊಟ್ಟು, ಯಜಮಾನರು ಬಂದಿಲ್ವಾ ಎಂದು ಕೇಳಿದರು. ನಾನೇ ಎಂದಳು ಅಮ್ಮ. ಒಳಗೆ ಆಪರೇಷನ್ ನಡೆಯುವಾಗ ನಾವಿಬ್ಬರೂ ಬೆಂಚಿನ ಮೇಲೆ ಕೂತಿದ್ದೆವು. ಅವಳನ್ನು ಏನಾದರೂ ಕೇಳಬೇಕೆನಿಸಿತು, ಇಷ್ಟು ವರ್ಷ ಅವಳ ಬಗ್ಗೆ ಅಂದುಕೊಂಡದ್ದನ್ನೆಲ್ಲ ಹೇಳಿ ತಪ್ಪಾಯಿತು ಎನ್ನಬೇಕೆನಿಸಿತು, ಅದರ ಬದಲು ಅವಳ ಬ್ಯಾಗನ್ನು ನನ್ನ ತೊಡೆಯ ಮೇಲೆ ಎಳೆದುಕೊಂಡೆ. ಎರಡು ಗಂಟೆಗೆ ಡಾಕ್ಟರ್ ಕೈ ಒರೆಸಿಕೊಳ್ಳುತ್ತ ಬಂದು, ಮೂರು ಮರಿ ಇದ್ದವು, ಇದೇ ವಾರ ತಂದದ್ದು ಒಳ್ಳೆಯದಾಯಿತು, ಬದುಕಿಕೊಳ್ಳುತ್ತಾಳೆ ಎಂದರು. ನಾನು ಅಲ್ಲೇ ಅತ್ತುಬಿಟ್ಟೆ. ಅಮ್ಮ ಎದುರಿನ ಹೋಟೆಲಿನಿಂದ ಈರುಳ್ಳಿ ಸಾಂಬಾರಿನ ಇಡ್ಲಿ ಕಟ್ಟಿಸಿಕೊಂಡು ಬಂದಳು. ತಿಥಿಯ ದಿನ ನಾವಿಬ್ಬರೂ ಅದನ್ನು ಬೆರಳು ನೆಕ್ಕಿಕೊಂಡು ತಿಂದೆವು.

ಸಂಜೆ ಆಟೋದಲ್ಲಿ ಹಿಂದಿರುಗುವಾಗ ರೋಸಿ ಹೊಟ್ಟೆಗೆ ಬ್ಯಾಂಡೇಜು ಸುತ್ತಿಸಿಕೊಂಡು ಅಮ್ಮನ ತೊಡೆಯ ಮೇಲೆ ಮತ್ತಿನಲ್ಲಿ ಮಲಗಿದ್ದಳು. ಮೆಡಿಕಲ್ ಸ್ಟೋರೊಂದು ಕಂಡಿತು. ಬೆಳಿಗ್ಗೆಯಿಂದ ಅಮ್ಮ ಒಂದು ಸಲವೂ ಬಾತ್‌ರೂಮಿಗೆ ಹೋಗಿಲ್ಲ ಎಂಬುದು ನನಗೆ ಆಗ ನೆನಪಾಯಿತು.

"ಅಮ್ಮ, ಆಟೋ ನಿಲ್ಸೋಣ್ವಾ? ಪ್ಯಾಡ್ ತಗೊಂಡ್ಬರ್ತೀನಿ ನಿಂಗೆ."

ಅಮ್ಮ ರೋಸಿಯ ಕಿವಿ ಸವರುತ್ತಿದ್ದವಳು ತಲೆಯೆತ್ತಲಿಲ್ಲ.

"ಬೇಡ ಬಿಡು," ಎಂದಳು. "ನಂಗಿನ್ನೂ ಹತ್ತು ದಿನ ಇದೆ."